ಎಂಜಿನ್ ಒಣಗಿಸುವ ವ್ರತ

ದಡ ಸಮೀಪಿಸಿದ ಕೂಡಲೇ ಔಟ್‌ಬೋರ್ಡ್ ಎಂಜಿನ್ನಿನ ಪೆಟ್ರೋಲ್ ಪೈಪು ಕಿತ್ತು, ಅದು ಕೆಮ್ಮಿ ಕೆಮ್ಮಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕಂತೆ. ಕಾರ್ಬ್ಯುರೇಟರ್ ಪೂರ್ತಿ ಖಾಲಿಯಾಗುತ್ತದಂತೆ. ಈ ವ್ರತವನ್ನು ದಿನಾ ಸಂಜೆ ತಪ್ಪದೆ ಆಚರಿಸುವವರಿದ್ದಾರೆ.

ಖಾಲಿಯಾಗುವುದಿಲ್ಲ ಸ್ವಾಮಿ! ಪೆಟ್ರೋಲ್ ಕಾರ್ಬ್ಯುರೇಟರಿನೊಳಗಿನ ಜೆಟ್ ಎಂಬ ಸಣ್ಣ ರಂಧ್ರಕ್ಕೆ ಎಟುಕದಾದಾಗ ಎಂಜಿನ್ ನಿಲ್ಲುತ್ತದೆ, ಅಷ್ಟೆ. ಕಾರ್ಬ್ಯುರೇಟರಿನ ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಆರಿದರೆ ಅಂಟಾಗುವುದೂ ಅದೇ. ನಿಜಕ್ಕೂ ಬರಿದು ಮಾಡಲು ತಳದಲ್ಲೊಂದು ಸ್ಕ್ರೂ ಇರುತ್ತದೆ. ಮಳೆಗಾಲಕ್ಕೆ ಎಂಜಿನ್ ಮೂಲೆ ಸೇರುವಾಗ ಅದನ್ನು ಬಿಚ್ಚಿ. ಒಣಗಿಸಿ ಎಂದು ನಿಮ್ಮ ಕೈಪಿಡಿಯೇ ಹೇಳಿದ್ದರೆ ಆಗ ಒಣಗಿಸಿ. ನಾಳೆ ಬೆಳಿಗ್ಗೆ ಮತ್ತೆ ಹೊರಡುವವರಿಗೆ ಯಾಕೆ ಈ ಉಸಾಬರಿ? ಎಣ್ಣೆ ಬೆರೆಸುವ ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ತಲುಪುವುದೇ ಪೆಟ್ರೋಲಿನ ಜೊತೆ; ಪೆಟ್ರೋಲ್ ಬತ್ತಿದರೆ ಎಣ್ಣೆಯೂ ಬತ್ತುತ್ತದೆ. ಇಂಜೆಕ್ಷನ್ ಎಂಜಿನ್ನಿನಲ್ಲಂತೂ ಒಳಗಿನ ಎಲೆಕ್ಟ್ರಿಕ್ ಪಂಪನ್ನು ತಂಪಾಗಿಡುವುದೂ ಸವೆಯದಂತೆ ಕಾಯುವುದೂ ಪೆಟ್ರೋಲೇ. ಅಂಥ ಎಂಜಿನ್ ಒಣಗಿಸುವುದೆಂದರೆ ಪಂಪಿನ ಆಯಸ್ಸು ತಿನ್ನುವುದು.

ನಮ್ಮ ಕರಾವಳಿಯ ನಾಡದೋಣಿಯವರನ್ನು ಈ ವ್ರತಕ್ಕೆ ಸಾಕ್ಷಿಯಾಗಿ ಕರೆಯುವವರೂ ಉಂಟು. ಅವರ ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಾರೆ, ತಣ್ಣಗಾದ ಮೇಲೆ ಸುಲಭವಾಗಿ ಸ್ಟಾರ್ಟ್ ಆಗಲಿ ಎಂದು. ಅಲ್ಲಿ ಇಂಧನ ಬದಲಾಗುತ್ತದೆ, ಬತ್ತುವುದಿಲ್ಲ.

ಹಾಗಾದರೆ ಪೈಪು ಕೀಳುವುದೇ ತಪ್ಪೇ? ಕೀಳಲೇಬೇಕು, ಎಂಜಿನ್ ಆಫ್ ಮಾಡಿದ ಮೇಲೆ. ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಏರಿದರೆ ಪೆಟ್ರೋಲ್ ಪೈಪಿನುದ್ದಕ್ಕೂ ನುಗ್ಗಿ ಎಂಜಿನ್ನಿನಲ್ಲಿ ಸೋರಬಹುದು. ಅದರ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲೇ ಕೂತು ಒಂದು ಕಿಡಿಗೆ ಕಾಯುತ್ತದೆ.

ಇಂಧನದ ಬಗ್ಗೆ ಇನ್ನುಳಿದ ಮಾತುಗಳು: ಗಾರ್ಡನ್ ಪೈಪು ಪೆಟ್ರೋಲಿಗೆ ಆಗದು. ಓಡುವ ಎಂಜಿನ್ನಿಗೆ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಲೇ ಕೂರಬೇಕಿದ್ದರೆ ಕೆಟ್ಟಿರುವುದು ಬೇರೇನೋ. ನೀರು ಹೀರಿ ಎಥನಾಲ್ ಬೇರ್ಪಟ್ಟ ಇ20 ಪೆಟ್ರೋಲನ್ನು ಯಾವ ಬಾಟಲಿಯ ಔಷಧವೂ ಒಂದುಗೂಡಿಸದು.

ಇದರಲ್ಲಿ ಬಹಳಷ್ಟು ಕೈಪಿಡಿಯಲ್ಲೇ ಸಿಗುತ್ತದೆ. ಆದರೆ ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದರೆ ತಾನೆ? ನಮಗೆ ಅಚ್ಚಾದ ಅಕ್ಷರಕ್ಕಿಂತ ಜೆಟ್ಟಿಯ ಮೇಲೆ ದೊಡ್ಡ ದನಿಯಲ್ಲಿ ಮಾತಾಡುವವನ ಮೇಲೆ ಭರವಸೆ ಜಾಸ್ತಿ. ಪಂಪ್ ಸುಟ್ಟರೆ ಹೊಸದಕ್ಕೆ ದುಡ್ಡು ಕೊಡುತ್ತೀಯಾ ಎಂದು ಅವನನ್ನು ಮೊದಲೇ ಕೇಳಿಟ್ಟುಕೊಳ್ಳಿ.