ಮುಟ್ಟದೆ ಮಾಡುವ ಸೇವೆ



ಮಲಯ ಭಾಷೆಯಲ್ಲಿ 'ಒರಾಂಗ್' ಎಂದರೆ ಮನುಷ್ಯ, 'ಹುತಾನ್' ಎಂದರೆ ಕಾಡು. ಇವೆರಡೂ ಸೇರಿ ಒರಾಂಗುಟಾನ್ ಆಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾಡುಮನುಷ್ಯ. ಕೆಂಗೂದಲಿನ, ನೀಳತೋಳಿನ, ಬಾಲವಿಲ್ಲದ ಈ ವಾನರ ಇಂದು ಸ್ವತಂತ್ರವಾಗಿ ಬದುಕಿರುವುದು ಬೋರ್ನಿಯೋ ಮತ್ತು ಸುಮಾತ್ರಾ ಎಂಬ ಎರಡೇ ದ್ವೀಪಗಳ ಮಳೆಕಾಡುಗಳಲ್ಲಿ. ತಾಯಿಯನ್ನು ಕಳೆದುಕೊಂಡ ಮರಿಗಳನ್ನು ಸಾಕಿ, ಮತ್ತೆ ಕಾಡಿಗೆ ಕಳುಹಿಸುವ ಕೇಂದ್ರಗಳೂ ಅಲ್ಲಿವೆ. ಕೆಲವು ಕೇಂದ್ರಗಳು ಹೊರದೇಶದ ಸ್ವಯಂಸೇವಕರನ್ನು ಕೆಲವು ವಾರಗಳ ಮಟ್ಟಿಗೆ ಸೇರಿಸಿಕೊಳ್ಳುತ್ತವೆ.

ಅಂಥ ಕಡೆ ಹೋಗಿಬರಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗಿದೆ. ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ನೀವು ಮಾತನಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ನಿಮ್ಮ ತಾಯಂದಿರು "ಕೋತಿ ಸೇವೆಗೆ ಲಕ್ಷಗಟ್ಟಲೆ ಖರ್ಚು ಮಾಡಿ ಅಷ್ಟು ದೂರ ಹೋಗಬೇಕೇ?" ಎಂದು ನಿಟ್ಟುಸಿರು ಬಿಡುವುದನ್ನೂ ಕೇಳಿದ್ದೇನೆ. ನನ್ನ ತಂಗಿಯ ಮಗಳು ಬೋರ್ನಿಯೋದ ಒಂದು ಕೇಂದ್ರದಲ್ಲಿ ನಾಲ್ಕು ವಾರ ದುಡಿದು ಬಂದವಳು. ಅವಳಿಂದ ಕೇಳಿದ್ದು, ಅನಂತರ ಕುತೂಹಲದಿಂದ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಈ ಲೇಖನ ಬರೆಯುತ್ತಿದ್ದೇನೆ. ಹೋಗಬೇಡಿ ಎನ್ನುವುದು ನನ್ನ ಉದ್ದೇಶವಲ್ಲ. ಅಲ್ಲಿನ ಕೆಲಸ ಎಂಥದು ಎಂಬುದನ್ನು ಅರಿತು ಹೋಗಿ ಎನ್ನುವುದಷ್ಟೇ ನನ್ನ ಮಾತು.

ಮರಿ ಅನಾಥವಾಗುವುದು ಹೇಗೆ?

ಒರಾಂಗುಟಾನ್ ತಾಯಿ ಸುಮಾರು ಏಳೆಂಟು ವರ್ಷಕ್ಕೊಮ್ಮೆ ಹೆರುತ್ತದೆ. ಸಾಮಾನ್ಯವಾಗಿ ಒಂದೇ ಮರಿ. ಆ ಮರಿ ಆರೇಳು ವರ್ಷ ತಾಯಿಯ ಜೊತೆಯಲ್ಲೇ ಬೆಳೆಯುತ್ತದೆ. ಯಾವ ಮರದ ಹಣ್ಣು ಯಾವಾಗ ಮಾಗುತ್ತದೆ, ಯಾವ ತೊಗಟೆಯನ್ನು ಸುಲಿದು ತಿನ್ನಬಹುದು, ಗೆದ್ದಲು ಎಲ್ಲಿ ಸಿಗುತ್ತದೆ, ಸಂಜೆಯಾದಾಗ ಕೊಂಬೆಗಳನ್ನು ಬಾಗಿಸಿ ಮಲಗುವ ಗೂಡು ಕಟ್ಟುವುದು ಹೇಗೆ ಎಂಬುದನ್ನೆಲ್ಲ ತಾಯಿಯನ್ನು ನೋಡಿ ನೋಡಿಯೇ ಕಲಿಯಬೇಕು. ಮುಂಬಯಿ, ಪುಣೆಗಳಲ್ಲಿ ಹುಟ್ಟಿ ಬೆಳೆದ ನೀವು ಕನ್ನಡ ಕಲಿತದ್ದು ಹೇಗೆಂದು ನೆನಪಿಸಿಕೊಳ್ಳಿ. ಶಾಲೆಯಲ್ಲಿ ಅಲ್ಲ, ಅಮ್ಮ ಅಡುಗೆಮನೆಯಲ್ಲಿ ಆಡಿದ ಮಾತು ಕೇಳಿ ಕೇಳಿ. ಅದೇ ಮಾತನ್ನು ಅಪರಿಚಿತರೊಬ್ಬರು ಪಾಠ ಮಾಡಿ ಕಲಿಸಬೇಕಾದರೆ ಎಷ್ಟು ವರ್ಷ ಬೇಕಾದೀತು!

ತಾಯಿ ತನ್ನ ಮರಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮರಿಯನ್ನು ಹಿಡಿದು ಮಾರುವವರು ಸಾಮಾನ್ಯವಾಗಿ ತಾಯಿಯನ್ನು ಕೊಂದೇ ಅದನ್ನು ಪಡೆಯುತ್ತಾರೆ. ಯಾರದೋ ಮನೆಯ ಪಂಜರದಲ್ಲಿ ಮುದ್ದಾಗಿ ಕುಳಿತ ಒಂದು ಮರಿಯ ಹಿಂದೆ ಒಂದು ತಾಯಿಯ ಸಾವಿರುತ್ತದೆ. ಇದರ ಜೊತೆಗೆ ಕಾಡು ಕಡಿದು ಎಣ್ಣೆತಾಳೆಯ ತೋಟಗಳನ್ನು ಮಾಡಿದ್ದರಿಂದ ಅವುಗಳ ನೆಲೆಯೇ ಹೋಯಿತು. 1997-98ರಲ್ಲಿ ಇಂಡೋನೇಷ್ಯಾದಲ್ಲಿ ಹಬ್ಬಿದ ಭಾರಿ ಕಾಳ್ಗಿಚ್ಚಿನಲ್ಲಿಯೂ ಅಪಾರ ಕಾಡು ನಾಶವಾಯಿತು. 1999ರಿಂದ 2015ರವರೆಗಿನ ಅವಧಿಯಲ್ಲಿ ಬೋರ್ನಿಯೋ ಒಂದರಲ್ಲೇ 1 ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬೋರ್ನಿಯೋದ ಒರಾಂಗುಟಾನನ್ನು 2016ರಲ್ಲಿ ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಮನೆಯ ಹಿತ್ತಲಿನಿಂದ ಕಾಡಿಗೆ

ಈ ಅನಾಥ ಮರಿಗಳನ್ನು ಕಾಡಿಗೆ ಮರಳಿಸುವ ಪ್ರಯತ್ನ ಆರಂಭವಾದದ್ದು ಒಂದು ಮನೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. 1950ರ ದಶಕದಲ್ಲಿ ಸರಾವಾಕ್‌ನ ಕುಚಿಂಗ್ ಪಟ್ಟಣದಲ್ಲಿ ಬಾರ್ಬರಾ ಹ್ಯಾರಿಸನ್ ಎಂಬ ಮಹಿಳೆ ಇದ್ದರು. ಅವರ ಪತಿ ಟಾಮ್ ಹ್ಯಾರಿಸನ್ ಅಲ್ಲಿನ ವಸ್ತುಸಂಗ್ರಹಾಲಯದ ಮುಖ್ಯಸ್ಥರು. ಅಕ್ರಮವಾಗಿ ಸಾಕಿದವರಿಂದ ವಶಪಡಿಸಿಕೊಂಡ ಮರಿಗಳು ಇವರ ಮನೆಗೆ ಬರತೊಡಗಿದವು. ಬಾರ್ಬರಾ ಅವುಗಳನ್ನು ಕೂಸುಗಳಂತೆ ಸಾಕಿದರು. ಸಾಕುವುದಕ್ಕಿಂತ ಕಷ್ಟವಾದದ್ದು ಅವುಗಳಿಗೆ ಮನುಷ್ಯರ ಹಂಗು ಬಿಡಿಸಿ ಕಾಡಿನ ಬದುಕು ಕಲಿಸುವುದು. ಬಾಕೊ ರಾಷ್ಟ್ರೀಯ ಉದ್ಯಾನದಲ್ಲಿ ಅವರು ಆ ಪ್ರಯೋಗವನ್ನೂ ಮಾಡಿದರು. 1962ರಲ್ಲಿ ತಮ್ಮ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು.

ಅನಂತರ 1964ರಲ್ಲಿ ಮಲೇಷ್ಯಾದ ಸಬಾ ರಾಜ್ಯದಲ್ಲಿ, ಸಂಡಾಕನ್ ಪಟ್ಟಣದಿಂದ ಸುಮಾರು 25 ಕಿಲೋಮೀಟರ್ ದೂರದ ಸೆಪಿಲೋಕ್‌ನಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ಅದರ ಹಿಂದೆ ಸುಮಾರು 43 ಚದರ ಕಿಲೋಮೀಟರಿನ ರಕ್ಷಿತಾರಣ್ಯವಿದೆ. ಅಲ್ಲಿ ಮರಿಗಳಿಗೆ ಹಂತಹಂತವಾಗಿ ಹತ್ತುವುದು, ಆಹಾರ ಹುಡುಕುವುದು, ಗೂಡು ಕಟ್ಟುವುದನ್ನು ಕಲಿಸುತ್ತಾರೆ. ಕಾಡಿನೊಳಗೆ ಕಟ್ಟಿದ ಮರದ ಜಗಲಿಯ ಮೇಲೆ ದಿನಕ್ಕೆರಡು ಸಲ ಹಣ್ಣುಹಂಪಲು ಇಡುತ್ತಾರೆ. ಬೇಕೆಂದೇ ಹೆಚ್ಚು ಬದಲಾವಣೆಯಿಲ್ಲದ ಆಹಾರ! ದಿನವೂ ಅದೇ ತಿಂದು ಬೇಸರಪಟ್ಟು, ತಾವಾಗಿಯೇ ಕಾಡಿನ ಹಣ್ಣು ಹುಡುಕಿಕೊಂಡು ಹೋಗಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಮಕ್ಕಳು ಊಟಕ್ಕೆ ಬರಲೆಂದು ದಿನಕ್ಕೊಂದು ಬಗೆ ಮಾಡುವ ನಮ್ಮಂಥ ಗೃಹಿಣಿಯರಿಗೆ ಇದು ತಲೆಕೆಳಗಾದ ಅಡುಗೆಮನೆ.

ಇಂಡೋನೇಷ್ಯಾದ ಮಧ್ಯ ಕಾಲಿಮಂತಾನ್‌ನಲ್ಲಿ ನ್ಯಾರು ಮೆಂತೆಂಗ್ ಎಂಬ ಇನ್ನೊಂದು ಕೇಂದ್ರವಿದೆ. 1999ರಲ್ಲಿ ಇದನ್ನು ಕಟ್ಟಿದ ಲೋನ್ ಡ್ರೋಷರ್ ನೀಲ್ಸನ್ ಡೆನ್ಮಾರ್ಕಿನವರು, ಹಿಂದೆ ವಿಮಾನದಲ್ಲಿ ಗಗನಸಖಿಯಾಗಿದ್ದವರು. ಬೋರ್ನಿಯೋಕ್ಕೆ ಮೊದಲು ಬಂದದ್ದು ನಿಮ್ಮ ಹಾಗೆಯೇ ಸ್ವಯಂಸೇವಕಿಯಾಗಿ. ಇಲ್ಲಿ ಮರಿಗಳಿಗೆ ಸಾಕುತಾಯಂದಿರಾಗಿ ದುಡಿಯುವವರು ಆಸುಪಾಸಿನ ಊರುಗಳ ಹೆಣ್ಣುಮಕ್ಕಳು. ಅವರು ಬೆಳಿಗ್ಗೆ ಮರಿಗಳನ್ನು 'ಕಾಡುಶಾಲೆ'ಗೆ ಕರೆದೊಯ್ದು ಸಂಜೆ ಮರಳಿ ತರುತ್ತಾರೆ. ಶಾಲೆ ಮುಗಿಸಿದವು ನದಿಯ ನಡುಗಡ್ಡೆಗಳಲ್ಲಿ ಕೆಲಕಾಲ ಅರೆಸ್ವತಂತ್ರವಾಗಿದ್ದು, ಆಮೇಲೆ ದೂರದ ಕಾಡು ಸೇರುತ್ತವೆ. ಈ ಕೇಂದ್ರವನ್ನು ನಡೆಸುವ ಸಂಸ್ಥೆ 2012ರಿಂದೀಚೆಗೆ ಹೀಗೆ ನೂರಾರು ಒರಾಂಗುಟಾನ್‌ಗಳನ್ನು ಕಾಡಿಗೆ ಬಿಟ್ಟಿದೆ.

ಸ್ವಯಂಸೇವಕರ ದಿನಚರಿ

ಹಾಗಾದರೆ ನೀವು ಅಲ್ಲಿ ಹೋಗಿ ಮಾಡುವುದೇನು? ನನ್ನ ತಂಗಿಯ ಮಗಳ ದಿನ ಬೆಳಿಗ್ಗೆ ಏಳಕ್ಕೆಲ್ಲ ಆರಂಭವಾಗುತ್ತಿತ್ತಂತೆ. ಬುಟ್ಟಿಗಟ್ಟಲೆ ಬಾಳೆಹಣ್ಣು, ಪಪ್ಪಾಯಿ, ಗೆಣಸು, ಅಲಸಂದೆಕಾಯಿ ತೊಳೆದು ಹೆಚ್ಚುವುದು. ಗೂಡುಗಳನ್ನು ಉಜ್ಜಿ ತೊಳೆಯುವುದು. ಟೊಳ್ಳು ಬಿದಿರಿನೊಳಗೆ ಆಹಾರ ತುಂಬಿ, ಪ್ರಾಣಿ ಬುದ್ಧಿ ಉಪಯೋಗಿಸಿ ಹೊರತೆಗೆಯುವಂತೆ ಮಾಡುವುದು. ಹಳೆಯ ಅಗ್ನಿಶಾಮಕ ಕೊಳವೆಗಳನ್ನು ಹೆಣೆದು ಜೋಕಾಲಿ ಮಾಡುವುದು. ಗೂಡು ಕಟ್ಟಲು ಸೊಪ್ಪುಸದೆ ಹೊತ್ತು ತರುವುದು. ಮಳೆ, ಬೆವರು, ಕೆಸರು, ಜೊತೆಗೆ ಇಂಬಳಗಳ ಕಾಟ. ಇಂಬಳವೆಂದರೆ ಏನೆಂದು ಮಲೆನಾಡಿನ ನಿಮ್ಮ ಅಜ್ಜಿಯನ್ನು ಕೇಳಿ. ಆಗುಂಬೆಯ ಮಳೆಗಾಲ ಕಂಡವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ.

"ದೊಡ್ಡಮ್ಮ, ನಾಲ್ಕು ವಾರದಲ್ಲಿ ನಾನು ಒಂದು ಪ್ರಾಣಿಯನ್ನೂ ಮುಟ್ಟಲಿಲ್ಲ, ಗೊತ್ತಾ? ಮೊದಲ ವಾರ ಅಳುವೇ ಬಂದಿತ್ತು. ಇಷ್ಟು ದುಡ್ಡು ಕೊಟ್ಟು ಬಂದು ಪಾತ್ರೆ ತೊಳೀತಾ ಇದ್ದೀನಲ್ಲಾ ಅಂತ" ಎಂದಳು. ಕೊನೆಯ ವಾರ ಅವಳನ್ನು ಕಾವಲುಗಾರನೊಬ್ಬನ ಜೊತೆ ಕಾಡಿನೊಳಗೆ ಕರೆದೊಯ್ದರಂತೆ. ಬಿಡುಗಡೆಯಾದ ಒಂದು ಹೆಣ್ಣು ಒರಾಂಗುಟಾನ್ ಎತ್ತರದ ಮರದಲ್ಲಿತ್ತು. ಇವರನ್ನು ಕಂಡದ್ದೇ ತುಟಿ ಚೂಪಾಗಿಸಿ ಸಿಟ್ಟಿನ ಸದ್ದು ಮಾಡಿ, ಕೊಂಬೆ ಮುರಿದು ಇವರತ್ತ ಎಸೆಯಿತು. ಇವಳು ಹೆದರಿ ಹಿಂದೆ ಸರಿದರೆ, ಆ ಕಾವಲುಗಾರ ಮುಖವೆಲ್ಲ ನಗುವಾಗಿ ನಿಂತಿದ್ದನಂತೆ. ಪುಟ್ಟ ಮರಿಯಾಗಿ ಬಂದಾಗ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದವರಲ್ಲಿ ಅವನೂ ಒಬ್ಬ! ಕಾಡಿನಲ್ಲೇ ಹುಟ್ಟಿ ಬೆಳೆದ ಒರಾಂಗುಟಾನ್ ಮನುಷ್ಯನನ್ನು ಕಂಡರೆ ಹೀಗೆಯೇ ಮಾಡುತ್ತದೆ. ತನ್ನ ಕೈತುತ್ತು ತಿಂದ ಮರಿ ತನ್ನನ್ನೇ ಓಡಿಸಲು ನೋಡಿದ್ದು ಅವನಿಗೆ ಸಂತೋಷದ ವಿಷಯವಾಗಿತ್ತು.

ಮುಟ್ಟಬಾರದೇಕೆ?

ಮಿತ್ರರೇ, ಈ ಸೇವೆಯ ತಿರುಳು ಇರುವುದೇ ಇಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ನಿಮ್ಮ ಪಾಲಿಗೆ, ಮೊಸರು ಕಾಡಿನ ಪಾಲಿಗೆ. ಪುನರ್ವಸತಿ ಎಂದರೆ ಪ್ರಾಣಿಗೆ ಮನುಷ್ಯರ ಮೇಲಿನ ನಂಬಿಕೆಯನ್ನು ಬಿಡಿಸುವುದು. ತಿಂಗಳಿಗೊಬ್ಬರಂತೆ ಬರುವ ಹೊಸ ಹೊಸ ಜನ ಎತ್ತಿ ಮುದ್ದಾಡಿದರೆ, ಆ ಮರಿ ಮುಂದೆ ಯಾವ ಮನುಷ್ಯನನ್ನು ಕಂಡರೂ ಹತ್ತಿರ ಹೋಗುತ್ತದೆ. ಎದುರಿಗೆ ಬರುವವನ ಕೈಯಲ್ಲಿ ಬಂದೂಕೋ ಕತ್ತಿಯೋ ಇದ್ದರೆ ಏನು ಗತಿ? ಇನ್ನೊಂದು ಕಾರಣ ರೋಗ. ವಾನರಗಳು ನಮಗೆ ಎಷ್ಟು ಹತ್ತಿರದ ಬಂಧುಗಳೆಂದರೆ ನಮ್ಮ ನೆಗಡಿ, ಕ್ಷಯ ಮುಂತಾದವು ಅವಕ್ಕೂ ತಗಲುತ್ತವೆ. ನಮಗೆ ಎರಡು ದಿನದ ಶೀತ ಒಂದು ಮರಿಗೆ ಪ್ರಾಣಾಂತಿಕವಾಗಬಹುದು. ರೋಗ ಹತ್ತಿದ ಪ್ರಾಣಿಯನ್ನು ಕಾಡಿಗೆ ಬಿಟ್ಟರೆ ಕಾಡಿನ ಉಳಿದವುಗಳಿಗೂ ಅಪಾಯ. 2020ರಲ್ಲಿ ಕೋವಿಡ್ ಹಬ್ಬಿದಾಗ ಈ ಕೇಂದ್ರಗಳು ಸಂದರ್ಶಕರಿಗೆ ಬಾಗಿಲು ಮುಚ್ಚಿದುದರಲ್ಲಿ ಈ ಭಯವೂ ಇತ್ತು.

ಎಲ್ಲ ಪ್ರಾಣಿಗಳೂ ಕಾಡಿಗೆ ಮರಳಲಾರವು ಎಂಬುದೂ ತಿಳಿದಿರಲಿ. ಇದಕ್ಕೆ ಉದಾಹರಣೆ ನಮ್ಮ ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲೇ ಇದೆ. ಅಲ್ಲಿನ ಕರಡಿ ರಕ್ಷಣಾ ಕೇಂದ್ರದಲ್ಲಿ, ಬೀದಿಯಲ್ಲಿ ಕುಣಿಸಲೆಂದು ಮೂಗು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತಿದ್ದ ಕರಡಿಗಳಿಗೆ ಆಶ್ರಯ ಕೊಡಲಾಯಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೇಳಲಾದ 'ರಾಜು' 2009ರಲ್ಲಿ ಬಂದು ಸೇರಿದ್ದೂ ಅಲ್ಲಿಗೇ. ಹಲ್ಲಿಲ್ಲದ ಕರಡಿ ಕಾಡಿನಲ್ಲಿ ಬದುಕಲಾರದು. ಅಂಥವಕ್ಕೆ ಬೇಕಾದದ್ದು ಕೊನೆಯವರೆಗಿನ ಆರೈಕೆ. ನೀವು ಹೋಗುವ ಕೇಂದ್ರ ಕಾಡಿಗೆ ಬಿಡಲು ಸಾಕುತ್ತದೆಯೋ, ಬಾಳಿಡೀ ಸಾಕುತ್ತದೆಯೋ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಹೆಣ್ಣು ನೋಡಲು ಹೋದಾಗ ಹಿರಿಯರು ನಾಲ್ಕು ಕಡೆ ವಿಚಾರಿಸುವಂತೆ, ಇಲ್ಲಿಯೂ ಚೆನ್ನಾಗಿ ವಿಚಾರಿಸಬೇಕು.

ಮೊದಲನೆಯದಾಗಿ, ಕೇಂದ್ರಕ್ಕೆ ಆ ದೇಶದ ವನ್ಯಜೀವಿ ಇಲಾಖೆಯ ಅನುಮತಿ ಇದೆಯೇ? ಎರಡನೆಯದಾಗಿ, ಇದುವರೆಗೆ ಎಷ್ಟು ಪ್ರಾಣಿಗಳು ಬಂದವು, ಎಷ್ಟನ್ನು ಬಿಟ್ಟರು, ಬಿಟ್ಟ ಮೇಲೆ ಎಷ್ಟು ಕಾಲ ಅವುಗಳ ಮೇಲೆ ಕಣ್ಣಿಟ್ಟರು? ಮೂರನೆಯದಾಗಿ, ಲಸಿಕೆ ಮತ್ತು ಕ್ಷಯ ಪರೀಕ್ಷೆಯ ದಾಖಲೆ ಕೇಳುತ್ತಾರೆಯೇ? ಕೇಳದಿದ್ದರೆ ಅವರಿಗೆ ಪ್ರಾಣಿಗಿಂತ ನಿಮ್ಮ ಹಣದ ಮೇಲೆ ಹೆಚ್ಚು ಪ್ರೀತಿ ಎಂದು ತಿಳಿಯಿರಿ. ನಾಲ್ಕನೆಯದಾಗಿ, ನೀವು ಕಟ್ಟುವ ಹಣದಲ್ಲಿ ಕೇಂದ್ರಕ್ಕೆ ಸೇರುವುದೆಷ್ಟು, ನಡುವಿನ ಏಜೆಂಟರಿಗೆ ಹೋಗುವುದೆಷ್ಟು? ಐದನೆಯದಾಗಿ, ನೀವು ಮಾಡುವ ಕೆಲಸದಿಂದ ಸ್ಥಳೀಯರೊಬ್ಬರ ಸಂಬಳ ತಪ್ಪುತ್ತದೆಯೇ? ಕೊನೆಯದಾಗಿ, ಸ್ವಯಂಸೇವೆಗೆ ಯಾವ ವೀಸಾ ಬೇಕು? ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡಿಕೊಳ್ಳೋಣ ಎಂದರೆ ಒಪ್ಪಬೇಡಿ.

ಇನ್ನು, ಮರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಗುತ್ತಿರುವ ಸ್ವಯಂಸೇವಕರ ಚಿತ್ರವನ್ನೇ ಜಾಹೀರಾತಿನಲ್ಲಿ ಹಾಕುವವರಿಂದ ದೂರವಿರಿ. ಅಂಥ ಚಿತ್ರ ನಿಮ್ಮ ಮೊಬೈಲಿನಲ್ಲೂ ಇರಲಿ ಎಂಬುದೇ ನಿಮ್ಮ ಆಸೆಯಾಗಿದ್ದರೆ, ದಯವಿಟ್ಟು ಹೋಗಬೇಡಿ. ಹಾಗಲ್ಲ, ಹಣ್ಣು ಹೆಚ್ಚಲು, ನೆಲ ತೊಳೆಯಲು, ಯಾರೂ ಕಾಣದ ಕೆಲಸ ಮಾಡಲು ಸಿದ್ಧವೆಂದಾದರೆ ಖಂಡಿತ ಹೋಗಿ. ಅಮ್ಮನನ್ನು ನಾನು ಒಪ್ಪಿಸುತ್ತೇನೆ! ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ಒಯ್ಯುವುದನ್ನು ಮರೆಯಬೇಡಿ.

ಹೋಗಲಾಗದವರು ಏನು ಮಾಡಬೇಕು?

ಖರ್ಚು, ರಜೆ, ಮನೆಯ ತಾಪತ್ರಯಗಳಿಂದ ಹೋಗಲಾಗದವರೇ ಹೆಚ್ಚು. ಅವರೂ ಕೈಕಟ್ಟಿ ಕೂರಬೇಕಾಗಿಲ್ಲ. ಜಗತ್ತಿನಲ್ಲಿ ತಾಳೆಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶಗಳ ಮುಂಚೂಣಿಯಲ್ಲಿರುವುದು ನಮ್ಮ ಭಾರತ. ಅದು ಬರುವುದು ಬಹುಮಟ್ಟಿಗೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ನಾವು ಕೊಳ್ಳುವ ಬಿಸ್ಕತ್ತು, ಕರಿದ ತಿಂಡಿಯ ಪೊಟ್ಟಣ, ಸಾಬೂನು ಹಲವುದರಲ್ಲಿ ಅದಿದೆ. ಹಾಗೆಂದು ಅದನ್ನು ಬಿಟ್ಟೇಬಿಡಿ ಎಂದು ಹೇಳುವುದು ನ್ಯಾಯವಲ್ಲ. ಅಷ್ಟೇ ನೆಲದಲ್ಲಿ ಬೇರೆ ಎಣ್ಣೆಬೆಳೆಗಳಿಗಿಂತ ಹೆಚ್ಚು ಎಣ್ಣೆ ಕೊಡುವ ಮರ ಅದು, ಬಡವರ ಬಾಣಲೆಗೆ ಎಟಕುವ ಎಣ್ಣೆಯೂ ಹೌದು. ಆದರೆ ಯಾವ ಕಾಡು ಕಡಿದು ಬೆಳೆದದ್ದು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಇದಕ್ಕಾಗಿಯೇ 2004ರಲ್ಲಿ ಆರ್‌ಎಸ್‌ಪಿಒ ಎಂಬ ಪ್ರಮಾಣೀಕರಣ ಸಂಸ್ಥೆ ಹುಟ್ಟಿಕೊಂಡಿತು. ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ, ತಯಾರಕರಿಗೆ ಪತ್ರ ಬರೆದು ಕೇಳಿ. ಓದು ಬರಹ ಬಲ್ಲ ನಿಮಗೆ ಇದು ಅರ್ಧ ಗಂಟೆಯ ಕೆಲಸ.

ಹಾಗೆಯೇ ಮಂಗ, ಗಿಳಿ, ಆಮೆ ಮುಂತಾದ ಕಾಡುಪ್ರಾಣಿಗಳನ್ನು ಮುದ್ದಿಗಾಗಿ ಸಾಕುವ ಚಿತ್ರಗಳನ್ನು ಮೆಚ್ಚಿ ಹಂಚುವುದನ್ನು ನಿಲ್ಲಿಸಿ. ಅದು ಇನ್ನೊಬ್ಬನಿಗೆ ಕೊಳ್ಳುವ ಆಸೆ ಹುಟ್ಟಿಸುತ್ತದೆ.

ನಿಮ್ಮಲ್ಲಿ ಯಾರಾದರೂ ಹೋಗಿಬಂದರೆ ನಮ್ಮ ಪತ್ರಿಕೆಗೆ ನಾಲ್ಕು ಪುಟ ಕನ್ನಡದಲ್ಲಿ ಬರೆದು ಕಳುಹಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಡಲು ನಾವು ಹಿರಿಯರಿದ್ದೇವೆ. ನೀವು ತೊಳೆದ ಗೂಡು ಎಷ್ಟು, ಹೆಚ್ಚಿದ ಗೆಣಸು ಎಷ್ಟು ಎಂಬ ಲೆಕ್ಕ ಅದರಲ್ಲಿರಲಿ. ಹೋಗಿಬನ್ನಿ, ಶುಭವಾಗಲಿ.