ಮುಧೋಳದ ನಾಯಿ: ಮೊದಲು ಮನೆಗೆ, ಆಮೇಲೆ ಪ್ರದರ್ಶನಕ್ಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ವಿದ್ಯಾರ್ಥಿಗಳಿಗೆ ಮುಧೋಳದ ನಾಯಿಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ರಾಮದುರ್ಗದಿಂದ ಉತ್ತರಕ್ಕೆ ಲೋಕಾಪುರದ ದಾರಿ ಹಿಡಿದು ಹೊರಟರೆ ಅದರ ತವರೂರೇ ಸಿಕ್ಕುತ್ತದೆ. ನೀಳವಾದ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ, ಸುಮಾರು 70 ಸೆಂಟಿಮೀಟರು ಎತ್ತರ. ಬೇಟೆಯನ್ನು ವಾಸನೆಯಿಂದ ಅರಸದೆ, ಕಣ್ಣಿನಿಂದ ಕಂಡು ಅಟ್ಟಿ ಹಿಡಿಯುವ ಜಾತಿಯಿದು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದಿದೆ.

ಇಂಥ ನಾಯಿ ಈಗ ಪ್ರದರ್ಶನಗಳ ಅಂಗಳಕ್ಕೂ ಬಂದಿದೆ. ಅಲ್ಲಿ ಬಹುಮಾನ ಗೆಲ್ಲುವ ನಾಯಿಯನ್ನೇ ಮನೆಯ ಮಕ್ಕಳೊಡನೆ ನೆಮ್ಮದಿಯಿಂದ ಬಾಳುವ ನಾಯಿಯಾಗಿಯೂ ಬೆಳೆಸಲು ಸಾಧ್ಯವೆ? ಸಾಧ್ಯವೆಂದೇ ವಿಜ್ಞಾನ ಹೇಳುತ್ತದೆ. ಆದರೆ ಕ್ರಮ ತಪ್ಪಬಾರದು.

ಹಿಂದೆ ಈ ತಳಿಯನ್ನು ಆರಿಸುತ್ತಿದ್ದುದು ಬಯಲು. ಓಡಲಾರದ ನಾಯಿ, ದಮ್ಮು ಕಟ್ಟುವ ನಾಯಿ, ಒಡೆಯನ ಮಾತು ಕೇಳದ ನಾಯಿ ಬೇಟೆಗೆ ಬಾರದು. ಅದರ ಮರಿಗಳನ್ನು ಯಾರೂ ಬಯಸರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಅದು ನ್ಯಾಯವೇ, ಆದರೆ ಅದರೊಡನೆ ಆ ಹಳೆಯ ಪರೀಕ್ಷೆಯೂ ಮರೆಯಾಯಿತು. ಈಗ ಆರಿಸುವ ಹೊಣೆ ಸಾಕುವವನ ಮೇಲೆಯೇ ಬಿದ್ದಿದೆ. ಅವನು ಅಂದವನ್ನು ಮಾತ್ರ ನೋಡಿ ಆರಿಸಿದರೆ, ಉಳಿದ ಗುಣಗಳನ್ನು ಕಾಯುವವರು ಯಾರೂ ಇಲ್ಲ.

ಎತ್ತಿನ ಸಂತೆಗೆ ಹೋದ ರೈತನನ್ನು ನೋಡಿರಿ. ಅವನು ಕೊಂಬಿನ ಅಂದ, ಮೈಯ ಬಣ್ಣಗಳನ್ನು ಮೆಚ್ಚುತ್ತಾನೆ ನಿಜ. ಆದರೆ ಹಲ್ಲು ನೋಡದೆ, ನಡೆಸಿ ನೋಡದೆ, ಹಾಯುವುದೇ ಒದೆಯುವುದೇ ಎಂದು ವಿಚಾರಿಸದೆ ಹಣ ಬಿಚ್ಚುವುದಿಲ್ಲ. ನಾಯಿಯ ವಿಷಯದಲ್ಲಿಯೂ ಈ ಜಾಣ್ಮೆಯೇ ಬೇಕು. ಪ್ರದರ್ಶನದ ತೀರ್ಪುಗಾರನು ನಾಯಿಯನ್ನು ಕೆಲವೇ ನಿಮಿಷ ನೋಡುತ್ತಾನೆ. ಮನೆಯವರು ಹತ್ತು ಹನ್ನೆರಡು ವರ್ಷ ನೋಡುತ್ತಾರೆ.

ಸ್ವಭಾವವೂ ವಂಶದಿಂದ ಇಳಿದು ಬರುವುದುಂಟೆ? 1959ರಲ್ಲಿ ರಷ್ಯದ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ನೊವೊಸಿಬಿರ್ಸ್ಕ್‌ನಲ್ಲಿ ಒಂದು ಪ್ರಯೋಗಕ್ಕೆ ತೊಡಗಿದನು. ಬೆಳ್ಳಿ ನರಿಗಳಲ್ಲಿ ಮನುಷ್ಯನಿಗೆ ಅತಿ ಕಡಮೆ ಹೆದರುವವುಗಳನ್ನು ಮಾತ್ರ ಆರಿಸಿ, ಅವುಗಳಿಂದಲೇ ಮರಿ ಮಾಡಿಸಿದನು. ಕೆಲವೇ ಪೀಳಿಗೆಗಳಲ್ಲಿ ಮನುಷ್ಯನನ್ನು ಕಂಡು ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ಅಂದಮೇಲೆ ಸೌಮ್ಯ ಸ್ವಭಾವವನ್ನೂ ಆರಿಸಿ ಬೆಳೆಸಬಹುದು. ಅದನ್ನು ಲೆಕ್ಕಿಸದಿದ್ದರೆ ಕಳೆದುಕೊಳ್ಳಲೂ ಬಹುದು.

ಬಹುಮಾನದ ಮೋಹದಲ್ಲಿ ಇನ್ನೊಂದು ಅಪಾಯವುಂಟು. ಗೆದ್ದ ಗಂಡುನಾಯಿಯನ್ನು ಅದರ ಮಗಳಿಗೇ ಕೂಡಿಸಿದರೆ ತಂದೆಯ ರೂಪ ಬೇಗನೆ ನೆಲೆಗೊಳ್ಳುವುದೆಂದು ಕೆಲವರು ಬಗೆಯುತ್ತಾರೆ. ಲೆಕ್ಕ ಹಾಕಿ ನೋಡೋಣ. ನಾಯಿಗೆ 39 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಗಂಡಿನಲ್ಲಿ ಒಂದು ರೋಗದ ಜೀನು ಅಡಗಿದೆಯೆನ್ನಿ. ಜೊತೆಯ ಇನ್ನೊಂದು ಜೀನು ಸರಿಯಾಗಿರುವುದರಿಂದ ಅದಕ್ಕೆ ರೋಗವಿಲ್ಲ. ಆ ಜೀನು ಇಲ್ಲದ ಹೆಣ್ಣಿನಿಂದ ಹುಟ್ಟಿದ ಮಗಳಿಗೆ ಅದು ಬಂದಿರುವ ಸಂಭವ 1/2. ಬಂದಿದ್ದರೆ, ತಂದೆ-ಮಗಳ ಮರಿಯೊಂದಕ್ಕೆ ಎರಡೂ ಕಡೆಯಿಂದ ಕೆಟ್ಟ ಜೀನೇ ಸೇರುವ ಸಂಭವ 1/4. ಎರಡನ್ನೂ ಗುಣಿಸಿದರೆ 1/8. ಆ ಜೀನು ಇಲ್ಲದ ಬೇರೆ ವಂಶದ ಹೆಣ್ಣನ್ನು ತಂದಿದ್ದರೆ ಈ ರೋಗದಿಂದ ಒಂದು ಮರಿಯೂ ನರಳುತ್ತಿರಲಿಲ್ಲ. ಇಂಥ ಅಡಗಿದ ಜೀನುಗಳು ಒಂದೇ ನಾಯಿಯಲ್ಲಿ ಹಲವು ಇರಬಹುದೆಂಬುದನ್ನು ನೆನೆದರೆ ಅಪಾಯದ ಪ್ರಮಾಣ ತಿಳಿಯುತ್ತದೆ.

ವಂಶ ಒಳ್ಳೆಯದಾದರೂ ಸಾಲದು. ಮರಿ ಬೆಳೆಯುವ ಬಗೆಯೂ ಮುಖ್ಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳನ್ನು ಬಹುಕಾಲ ಪರಿಶೀಲಿಸಿ, 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯು ಲೋಕದೊಡನೆ ನಂಟು ಬೆಳೆಸುವ ಕಾಲ. ಆಗ ಕಂಡ ಮನುಷ್ಯರು, ಕೇಳಿದ ಸದ್ದುಗಳು ಅದಕ್ಕೆ ತನ್ನವಾಗುತ್ತವೆ. ಆ ಕಾಲ ಕಳೆಯುವವರೆಗೆ ಮನುಷ್ಯನ ಕೈ ಸೋಕದೆ ಬೆಳೆದ ಮರಿ ಮುಂದೆ ಅಂಜುಬುರುಕವಾಗಿಯೇ ಉಳಿಯುವುದುಂಟು.

ಮುಧೋಳದ ನಾಯಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅಪರಿಚಿತರು ಮೈ ಮುಟ್ಟುವುದನ್ನು ಅದು ಸಾಮಾನ್ಯವಾಗಿ ಸಹಿಸದು. ಪ್ರದರ್ಶನದಲ್ಲಾದರೋ ತೀರ್ಪುಗಾರನು ತುಟಿ ಎತ್ತಿ ಹಲ್ಲು ನೋಡುತ್ತಾನೆ, ಎದೆ ಬೆನ್ನುಗಳನ್ನು ತಡವುತ್ತಾನೆ. ಗೂಡಿನಲ್ಲಿ ಒಂಟಿಯಾಗಿ ಬೆಳೆದ ನಾಯಿ ಅಲ್ಲಿ ಬೆದರಿ ಮುದುರುತ್ತದೆ. ಅಡಿಗೆಮನೆಯ ಪಾತ್ರೆಗಳ ಸದ್ದು, ಮಕ್ಕಳ ಗದ್ದಲ, ಬಂದುಹೋಗುವ ನೆಂಟರ ಕೈಗಳ ನಡುವೆ ಬೆಳೆದ ನಾಯಿ ತಲೆಯೆತ್ತಿ ನಿಲ್ಲುತ್ತದೆ. ಹೀಗೆ, ಮನೆಗಾಗಿ ಮಾಡಿದ ಆರೈಕೆ ಪ್ರದರ್ಶನಕ್ಕೂ ಒದಗಿ ಬರುತ್ತದೆ.

ನಾಯಿ ಸಂವರ್ಧನೆಯ ಬಗೆಗೆ 2017ರಲ್ಲಿ ಹೊರಬಂದ ಕೇಂದ್ರ ಸರಕಾರದ ನಿಯಮಗಳಂತೆ, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳು ತುಂಬದ ಹೆಣ್ಣಿನಿಂದ ಮರಿ ಮಾಡಿಸಕೂಡದು. ಮೇಲೆ ಹೇಳಿದ ಅಮೂಲ್ಯ ಕಾಲದ ಅರ್ಧಕ್ಕಿಂತ ಹೆಚ್ಚು ಭಾಗ ಮಾರುವವನ ಮನೆಯಲ್ಲಿಯೇ ಕಳೆಯುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದುದರಿಂದ ಮರಿ ಕೊಳ್ಳಲು ಹೋದವರು ಪದಕಗಳನ್ನು ಎಣಿಸಿದರೆ ಸಾಲದು. ತಾಯಿನಾಯಿ ಎಲ್ಲಿ ಮಲಗುತ್ತದೆ, ಮಕ್ಕಳು ಮರಿಗಳನ್ನು ಎತ್ತಿ ಆಡಿಸುತ್ತಾರೆಯೆ, ಹೊಸಬರನ್ನು ಕಂಡರೆ ತಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ವಿದ್ಯಾರ್ಥಿ ಮಿತ್ರರು ಈ ಕಾರ್ಯದಲ್ಲಿ ಪಾಲುಗೊಳ್ಳಬಹುದು. ನಿಮ್ಮ ಊರಿನಲ್ಲಿ ಮುಧೋಳದ ನಾಯಿ ಸಾಕಿದ ಮನೆಯಿದ್ದರೆ, ಅದರ ತಂದೆತಾಯಿಗಳು, ಅಜ್ಜ ಅಜ್ಜಿಯರು ಯಾವುವೆಂದು ವಿಚಾರಿಸಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಪ್ರತಿಯೊಂದರ ಬಣ್ಣ, ಎತ್ತರಗಳ ಜೊತೆಗೆ ಬಂದ ಕಾಯಿಲೆ, ಸ್ವಭಾವಗಳನ್ನೂ ಗುರುತು ಹಾಕಿರಿ. ಒಂದೇ ಹೆಸರು ಎರಡು ಕಡೆ ಬಂದರೆ ಸಾಕಿದವರಿಗೆ ತೋರಿಸಿರಿ. ಮುಂದಿನ ಜೋಡಿಯನ್ನು ಆರಿಸುವಾಗ ಆ ಒಂದು ಹಾಳೆ ಅವರಿಗೆ ನೆರವಾದೀತು.