ಭೌತಶಾಸ್ತ್ರದಲ್ಲಿ 85 ಬೇಕಾದರೆ ಲಿಖಿತ ಪರೀಕ್ಷೆಯಲ್ಲಿ ಎಷ್ಟು?
ದ್ವಿತೀಯ ಪಿಯುಸಿ ಭೌತಶಾಸ್ತ್ರದ 100 ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, ಉಳಿದ 30 ಪ್ರಯೋಗಾಲಯದ ಕೆಲಸವನ್ನು ಅಳೆಯುವ ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ಪ್ರಾಯೋಗಿಕ ಪರೀಕ್ಷೆ ಮೊದಲೇ ಮುಗಿಯುವುದರಿಂದ, ಗುರಿಯಿಂದ ಅದರ ಅಂದಾಜು ಅಂಕವನ್ನು ಕಳೆದರೆ ಲಿಖಿತದಲ್ಲಿ ಗಳಿಸಬೇಕಾದ ಅಂಕ ಸಿಗುತ್ತದೆ.

ಗುರಿ 85, ಪ್ರಾಯೋಗಿಕ 27 ಎಂದಾದರೆ ಉಳಿಯುವುದು 58. ಇದನ್ನು 70ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು ಶೇ 83 ಆಗುತ್ತದೆ. ಪ್ರಾಯೋಗಿಕದಲ್ಲಿ 24 ಮಾತ್ರ ಬಂದರೆ ಬೇಕಾಗುವುದು 61, ಅಂದರೆ ಶೇ 87. ಆದ್ದರಿಂದ ಅಂದಾಜನ್ನು ತುಸು ಕೆಳಗೇ ಹಿಡಿಯುವುದು ಲೇಸು. ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗಿದೆಯೆಂದು ಮೂವತ್ತಕ್ಕೆ ಮೂವತ್ತು ಬರೆದುಕೊಂಡರೆ ಅದು ಲೆಕ್ಕವಲ್ಲ, ಹಾರೈಕೆ.

ಎಂಜಿನಿಯರಿಂಗ್ ಪ್ರವೇಶದ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕ್ ನಿರ್ಧಾರದಲ್ಲಿ, ಭೌತಶಾಸ್ತ್ರ ಸೇರಿದಂತೆ ಪಿಯುಸಿಯ ಮೂರು ವಿಷಯಗಳ 300 ಅಂಕಗಳನ್ನು 50ಕ್ಕೂ, ಸಿಇಟಿಯ 180 ಅಂಕಗಳನ್ನು ಇನ್ನೊಂದು 50ಕ್ಕೂ ಇಳಿಸಲಾಗುತ್ತದೆ. ಹೀಗಾಗಿ ಪಿಯುಸಿಯ ಒಂದು ಅಂಕ ಅಲ್ಲಿ ಸುಮಾರು 0.17 ಆದರೆ, ಸಿಇಟಿಯ ಒಂದು ಸರಿಯುತ್ತರ ಸುಮಾರು 0.28 ಆಗುತ್ತದೆ. 85ರ ಬದಲು 82 ಬಂದಾಗ ಆಗುವ ಅರ್ಧ ಅಂಕದ ನಷ್ಟವನ್ನು ಸಿಇಟಿಯ ಎರಡು ಸರಿಯುತ್ತರಗಳು ತುಂಬಿಕೊಡುತ್ತವೆ.